ಮದುವೆ ಛತ್ರಕ್ಕೆ ಆಟಿಸಂ ಇರುವ ಮಗು: ಪಕ್ಕದೆಲೆಯ ಹಪ್ಪಳ, ಗಟ್ಟಿಮೇಳ, ಓಟ. ಹೊಣೆ ಯಾರದ್ದು, ತಯಾರಿ ಏನು?

ತುಮಕೂರು_ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗನಿಗೆ 8 ವರ್ಷ, ಆಟಿಸಂ. ಎರಡು ಪದ ಸೇರಿಸಿ ಹೇಳುವಷ್ಟು ಮಾತು ಇದೆ. ಮುಂದಿನ ತಿಂಗಳ ಕೊನೆಗೆ ಹತ್ತಿರದ ನೆಂಟರ ಮದುವೆ, ಛತ್ರದಲ್ಲಿ. ಮುಹೂರ್ತ 10.20ರಿಂದ 11.05. ತೊಂದರೆ ಮೂರು:

ಒಂದು, ಪಂಕ್ತಿಯಲ್ಲಿ ಪಕ್ಕದವರ ಎಲೆಯಿಂದ ಹಪ್ಪಳ ಎತ್ತಿಕೊಳ್ಳುತ್ತಾನೆ. ಎರಡು, ಗಟ್ಟಿಮೇಳ ಅಥವಾ ಮಂಗಳಾರತಿಯ ಗಂಟೆ ಶುರುವಾದರೆ ಕಿರುಚಿ ನೆಲಕ್ಕೆ ಬೀಳುತ್ತಾನೆ, ಹತ್ತಿರ ಹೋದವರನ್ನು ತಳ್ಳುತ್ತಾನೆ. ಮೂರು, ಕೈ ಬಿಟ್ಟರೆ ಓಟ.

ಮನೆಯಲ್ಲಿ ಎರಡು ಪಕ್ಷ. "ಅವನಿಗೇನು ಗೊತ್ತಾಗುತ್ತೆ ಪಾಪ, ಜನ ಅರ್ಥ ಮಾಡ್ಕೋಬೇಕು" ಅನ್ನುವವರು ಒಂದು ಕಡೆ, "ಎರಡು ಬಿಟ್ಟರೆ ಸರಿಹೋಗ್ತಾನೆ" ಅನ್ನುವವರು ಇನ್ನೊಂದು ಕಡೆ. ಉಪದೇಶ ಬೇಡ, ಇವತ್ತಿನಿಂದ ಏನೇನು ಮಾಡಬೇಕು ಅಂತ ಹೇಳಿ. ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದ್ದು ಅನ್ನೋದನ್ನೂ ತಿಳಿದವರು ತಿಳಿಸಿ.

ಸ್ಪೆಷಲ್_ಎಜುಕೇಟರ್_ಮೈಸೂರು

ಮೇಡಂ, ನಿಮ್ಮ ಮನೆಯ ಎರಡೂ ಪಕ್ಷ ತಪ್ಪು ಅಂತ ನೇರವಾಗೇ ಹೇಳಿಬಿಡ್ತೀನಿ. ಹುಡುಗ ಯಾಕೆ ಹಾಗೆ ಮಾಡಿದ ಅನ್ನೋದಕ್ಕೆ ಆಟಿಸಂ ಉತ್ತರ ಕೊಡುತ್ತೆ. ಹಪ್ಪಳ ಕಳಕೊಂಡವರಿಗೆ ಇನ್ನೊಂದು ಹಪ್ಪಳ ಯಾರು ಹಾಕಿಸಬೇಕು ಅನ್ನೋದಕ್ಕೆ ಉತ್ತರ ಕೊಡಲ್ಲ. ಅದು ಜೊತೆಗಿರೋ ದೊಡ್ಡವರ ಕೆಲಸ. ಹೊಡೆಯೋದರ ಬಗ್ಗೆ ಹೇಳಬೇಕಂದ್ರೆ, ಗಟ್ಟಿಮೇಳದ ಸದ್ದು ತಡೆಯೋಕಾಗದ ಮಗುವಿಗೆ ಹೊಡೆದರೆ ಸದ್ದಿನ ಜೊತೆ ನೋವೂ ಸೇರುತ್ತೆ, ಅಷ್ಟೇ.

ಈ ಮೂರನ್ನೂ ಒಂದೇ ಗಂಟು ಕಟ್ಟಬೇಡಿ. ಹಪ್ಪಳ ಎತ್ತೋದು ಕಲಿತ ಅಭ್ಯಾಸ, ಕೈ ಹಾಕಿದರೆ ಸಿಗುತ್ತೆ ಅಂತ ಅವನಿಗೆ ಗೊತ್ತು. ಗಟ್ಟಿಮೇಳಕ್ಕೆ ಬೀಳೋದು ಅವನ ಕೈಯಲ್ಲಿಲ್ಲ. ಓಟಕ್ಕೆ ಕಾರಣ ಎರಡರಲ್ಲಿ ಯಾವುದಾದರೂ ಇರಬಹುದು: ಏನನ್ನೋ ಬಿಟ್ಟು ಓಡ್ತಿದಾನೋ, ಏನನ್ನೋ ಹುಡುಕಿ ಓಡ್ತಿದಾನೋ. ಗೊತ್ತಾಗಬೇಕಾದರೆ ಎರಡು ವಾರ ಒಂದು ನೋಟ್‌ಬುಕ್ ಇಡಿ, ಮೂರು ಕಾಲಂ: ಮುಂಚೆ ಏನಾಯ್ತು, ಅವನು ಏನು ಮಾಡಿದ, ಆಮೇಲೆ ಅವನಿಗೆ ಏನು ಸಿಕ್ತು. ಮೂರನೇ ಕಾಲಂನಲ್ಲಿ ಎಲ್ಲರೂ ಎಡವೋದು. "ಬೈದೆ" ಅಂತ ಬರೀತಾರೆ. ಅದು ನೀವು ಮಾಡಿದ್ದು. ಅವನಿಗೆ ಸಿಕ್ಕಿದ್ದು ಹಪ್ಪಳ. ಬೈಗುಳದ ಜೊತೆಗಾದರೂ ಸರಿ, ಹಪ್ಪಳ ಸಿಕ್ತು ತಾನೇ?

ಹಪ್ಪಳಕ್ಕೆ ಮನೆಯಲ್ಲೇ ಅಭ್ಯಾಸ ಶುರು ಮಾಡಿ. ನಾಲ್ಕು ವಾರ ಇದೆ, ಸಾಕು. ಹಪ್ಪಳದ ಫೋಟೋ ಇರೋ ಒಂದು ಕಾರ್ಡ್, ಅಂಗೈ ಅಗಲದ್ದು, ಲ್ಯಾಮಿನೇಟ್ ಮಾಡಿಸಿ. ನೆಲದ ಮೇಲೆ ಎಲೆ ಹಾಕಿ. ಅವನ ಎಲೆಯಲ್ಲಿ ಹಪ್ಪಳ ಬೇಡ, ಪಕ್ಕದವರ ಎಲೆಯಲ್ಲಿ ಕಾಲು ಕಾಲು ತುಂಡು ಮಾಡಿದ್ದು ಇರಲಿ. ಇಬ್ಬರು ದೊಡ್ಡವರು ಬೇಕು: ಹಪ್ಪಳ ಇರೋರು ಪಕ್ಕದಲ್ಲಿ, ಇನ್ನೊಬ್ಬರು ಅವನ ಬೆನ್ನ ಹಿಂದೆ. ಅವನ ಕೈ ಪಕ್ಕದೆಲೆ ಕಡೆ ಹೊರಟ ಕೂಡಲೇ ಹಿಂದಿನವರು ಮಾತಾಡದೆ ಆ ಕೈಯನ್ನ ಕಾರ್ಡಿನ ಕಡೆ ತಿರುಗಿಸಿ, ಕಾರ್ಡ್ ಎತ್ತಿಸಿ, ಪಕ್ಕದವರ ಕೈಗೆ ಕೊಡಿಸಬೇಕು. ಪಕ್ಕದವರು "ಹಪ್ಪಳ ಬೇಕು" ಅಂತ ಅವನ ಪರವಾಗಿ ಹೇಳಿ ತಕ್ಷಣ ಒಂದು ತುಂಡು ಕೊಡಬೇಕು. ಒಂದು ಊಟಕ್ಕೆ ಹತ್ತು ಸಲ, ಅಂದರೆ ಎರಡೂವರೆ ಹಪ್ಪಳ. ಎರಡನೇ ವಾರ ಹಿಂದಿನವರು ಮೂರು ಸೆಕೆಂಡ್ ಕಾದು ನೋಡಿ ಆಮೇಲೆ ಕೈ ಹಿಡಿಯಲಿ. ಮೂರನೇ ವಾರ ಪಕ್ಕದಲ್ಲಿ ದಿನಾ ನೋಡದ ಯಾರಾದರೂ ಕೂತುಕೊಳ್ಳಲಿ. ನಾಲ್ಕನೇ ವಾರ ಹೋಟೆಲ್ಲೋ, ಯಾರದಾದರೂ ಸಣ್ಣ ಸತ್ಯನಾರಾಯಣ ಪೂಜೆಯೋ.

ಕೆಡೋದು ಎರಡು ಕಡೆ. ಮೊದಲ ವಾರವೇ "ಇಲ್ಲ, ಸಾಕು" ಅಂದರೆ ಕಾರ್ಡಿನ ಮೇಲಿನ ನಂಬಿಕೆ ಹೋಗುತ್ತೆ, ಕೈಯೇ ವಾಸಿ ಅಂದ್ಕೋತಾನೆ. "ಇಲ್ಲ" ಕಲಿಸೋದು ಮೂರನೇ ವಾರದಿಂದ, ಅದೂ ಬದಲಿಗೆ ಸಂಡಿಗೆ ಕೈಯಲ್ಲಿಟ್ಟುಕೊಂಡು. ಇನ್ನೊಂದು, "ಪಾಪ ಮಗು, ತಗೊಳ್ಳಲಿ ಬಿಡಿ" ಅನ್ನೋ ಪಕ್ಕದವರು. ಒಳ್ಳೆಯವರೇ, ಆದರೆ ಹತ್ತು ಸಲಕ್ಕೆ ಒಂದು ಸಲ ಎತ್ತಿಕೊಳ್ಳೋಕೆ ಬಿಟ್ಟರೆ ಆ ಅಭ್ಯಾಸ ಪ್ರತಿ ಸಲ ಎತ್ತಿಕೊಳ್ಳೋಕೆ ಬಿಟ್ಟಾಗಿಗಿಂತ ಗಟ್ಟಿಯಾಗುತ್ತೆ. ಲಾಟರಿ ಥರ, ಯಾವತ್ತು ಹೊಡೆಯುತ್ತೋ ಗೊತ್ತಿಲ್ಲದಿದ್ದಾಗಲೇ ಬಿಡೋಕಾಗಲ್ಲ. ಎಲೆ ಹಾಕುವಾಗಲೇ ಅವರಿಗೆ ಹೇಳಿ: "ಇವನು ಕಾರ್ಡ್ ಕೊಟ್ಟರೆ ಕೊಡಿ, ಕೈ ಹಾಕಿದರೆ ಕೊಡಬೇಡಿ."

ಅಭ್ಯಾಸ ಶುರುವಾದ ಮೊದಲ ಕೆಲವು ದಿನ ಕೈ ಹಾಕೋದು ಜಾಸ್ತಿಯಾಗಬಹುದು. ಅಲ್ಲಿ ಕೈಬಿಟ್ಟರೆ, ಇನ್ನಷ್ಟು ಜೋರು ಮಾಡಿದರೆ ಸಿಗುತ್ತೆ ಅಂತ ಕಲಿಸಿದ ಹಾಗೆ.

ಓಟಿ_ಹುಬ್ಬಳ್ಳಿ

ಅಕ್ಕಾರ, ಹಪ್ಪಳದ್ದು ಮ್ಯಾಲಿನವರು ಚೊಲೋ ಹೇಳ್ಯಾರ. ನಾ ಗಟ್ಟಿಮ್ಯಾಳದ್ದಷ್ಟ ಹೇಳ್ತೀನಿ.

ಅದು ಹಟ ಅಲ್ರಿ. ಹಟ ಮಾಡೋ ಹುಡುಗ ನಡು ನಡು ನಿಮ್ಮ ಮಾರಿ ನೋಡ್ತಾನ, ಬೇಕಾದ್ದು ಸಿಕ್ಕ ಕೂಡ್ಲೆ ಸುಮ್ಮನಾಗ್ತಾನ. ಮೆಲ್ಟ್‌ಡೌನ್, ಅಂದ್ರ ತಡಿಯಾಕಾಗದ ಕೈಮೀರಿ ಹೋಗೂದು, ಅದು ಆದ ಹುಡುಗಗ ಪೇಢಾದ ಡಬ್ಬಿನ ಕೊಟ್ರೂ ನಿಲ್ಲೂದಿಲ್ಲ.

ಬಯಲಾಗ ಆದ್ರ ದೂರ ಎರಡು ಪಟ್ಟು ಆದಾಗೊಮ್ಮೆ ಸಪ್ಪಳ 6 ಡೆಸಿಬಲ್ ಇಳೀತದ. ಛತ್ರದಾಗ ಹಂಗಲ್ಲ. ಗ್ರಾನೈಟ್ ನೆಲಕ್ಕ, ಗ್ವಾಡಿಗೆ ಬಡದು ತಿರುಗಿ ಬರ್ತದ. ಹಿಂದಿನ ಸಾಲಿನ ಕುರ್ಚಿಗೆ ಹೋಗಿ ಕುಂತ್ರ ಫರಕ್ ಬೀಳೂದಿಲ್ಲ, ಬಾಗಲಾ ದಾಟಬೇಕು. ಮುಹೂರ್ತ 10.20 ಅಂತ ಲಗ್ನಪತ್ರಿಕಿಯೊಳಗ ಇರ್ತದ, ಖರೆ ಮ್ಯಾಳ ಬಾರಿಸೂದು ಭಟ್ಟರು ಕೈ ಎತ್ತಿದಾಗ. ಹಂಗಾಗಿ 10.10ಕ್ಕ ಹೊರಗ ನಡೀರಿ. ಒಬ್ಬರು ಒಳಗ ನಿಂತು ಮ್ಯಾಳ ಮುಗಿದ ಮ್ಯಾಲ ಫೋನ್ ಮಾಡ್ಲಿ. ಆರತಕ್ಷತಿ ಹೊತ್ತಿನ ಆರ್ಕೆಸ್ಟ್ರಾಕ್ಕ ಬರೂದ ಬ್ಯಾಡ.

ಕಿವಿ ಪೂರ್ತಿ ಮುಚ್ಚೋ ಇಯರ್‌ಮಫ್ ತಗೋರಿ, ಹಾಡು ಕೇಳೋ ಹೆಡ್‌ಫೋನ್ ಅಲ್ಲ. ಪ್ಯಾಕೆಟ್ ಮ್ಯಾಲ ಎನ್‌ಆರ್‌ಆರ್ ಅಂತ ಒಂದು ಅಂಕಿ ಇರ್ತದ, ಎಷ್ಟು ಸಪ್ಪಳ ತಡೀತದ ಅನ್ನೋದು, 20ರಿಂದ 25 ಇದ್ರ ಸಾಕು. ಕಿವಿಯೊಳಗ ತುರುಕೋ ಸ್ಪಂಜಿನ ಪ್ಲಗ್ ಈ ವಯಸ್ಸಿನಾಗ ಬಾಯಾಗ ಹೋಗ್ತದ, ಬ್ಯಾಡ. ಇವತ್ತಿಂದ ದಿನಾ ರೂಢಿ ಮಾಡಸ್ರಿ: ಮೊದಲ ದಿನ 2 ಮಿನಿಟ್, ಅಡಗಿಮನ್ಯಾಗ ಮಿಕ್ಸರ್ ಹಚ್ಚಿದಾಗ. ಮದಿವಿ ದಿನಾನ ಮೊದಲ ಸಲ ಹಾಕಿದ್ರ ಕಿತ್ತಿ ಒಗೀತಾನ. ಹಂಗಂತ ಇಡೀ ದಿನ ಹಾಕಿ ಇಡಬ್ಯಾಡ್ರಿ, ಆಮ್ಯಾಲ ಸಣ್ಣ ಸಪ್ಪಳಾನೂ ತಡಿಯೂದು ತ್ರಾಸ ಆಗ್ತದ.

ಮ್ಯಾಳ ಒಂದ ಕಾರಣ ಅಂತ ತಿಳೀಬ್ಯಾಡ್ರಿ. ಹೊಸಾ ಜರಿ ಅಂಗಿಯ ಕಾಲರ್ ಕುತಗಿಗೆ ಚುಚ್ಚತಿರ್ತದ. ಎರಡು ಸಲ ಒಗದು ಮೆತ್ತಗ ಮಾಡ್ರಿ, ಒಳಗ ಹತ್ತಿ ಬನಿಯನ್ ಹಾಕ್ರಿ, ಒಲ್ಲೆ ಅಂದ್ರ ಹಳೇ ಟೀ ಶರ್ಟಿನ್ಯಾಗ ಬರ್ಲಿ. ಅಕ್ಕಿಕಾಳು ಒಗೀತಾರಲ್ಲ, ಒಂದು ಕಾಳು ಕಾಲರಿನೊಳಗ ಇಳದ್ರ ಸಾಕು, ಮುಂದಿನ ತಾಸು ಯಾಕ ಅಳಾಕತ್ಯಾನ ಅಂತ ಯಾರಿಗೂ ತಿಳಿಯೂದಿಲ್ಲ. ಹಲ್ಲುನೋವು, ಕಿವಿನೋವು, ಎರಡು ದಿನದಿಂದ ಮಲ ಆಗದ ಹೊಟ್ಟಿ, ಇವನ್ನೂ ಹಿಂದಿನ ದಿನ ನೋಡ್ರಿ. ಮಾತು ಕಮ್ಮಿ ಇರೋ ಮಗು ನೋವನ್ನ ಸಿಟ್ಟಿನಾಗ ತೋರಸ್ತದ.

ಎಲ್ಲಾ ಮಾಡಿದ್ರೂ ಆಗೇಬಿಟ್ರ: ಜನರನ್ನ ಸರಸ್ರಿ, ಹುಡುಗನ್ನ ಎಳೀಬ್ಯಾಡ್ರಿ. ತಲಿ ಕೆಳಗ ಮಡಚಿದ ಟವೆಲ್ ಸರಸ್ರಿ. ಒಬ್ಬರ ಹತ್ರ ಇರ್ರಿ, ಒಂದು ಮಾರು ದೂರ, ಅವನ ಬಗಲಿಗೆ ಕುಂತು. ಎದುರಿಗೆ ನಿಂತ್ರ ತಳ್ಳಸ್ಕೋತೀರಿ. ಪ್ರಶ್ನೆ ಕೇಳಬ್ಯಾಡ್ರಿ, "ಅಮ್ಮ ಇಲ್ಲೇ ಇದಾಳ" ಅಂತ ಒಂದ ಮಾತು, ನಿಮಿಷಕ್ಕೊಮ್ಮೆ. ಬೋರಲ ಹಾಕಿ ಒತ್ತಿ ಹಿಡಿಯೂದು ಯಾವ ಕಾರಣಕ್ಕೂ ಬ್ಯಾಡ, ಉಸರು ಕಟ್ಟತದ. ಅಳು ನಿಂತ ಮ್ಯಾಲೂ ಅರ್ಧ ತಾಸು ನೀರು, ಕತ್ತಲಿ ಕೋಣಿ, ಅಷ್ಟ. ಆಗ ಪಾಠ ಹೇಳಿದ್ರ ತಲಿಗೆ ಹತ್ತೂದಿಲ್ಲ, ಎರಡನೇ ಸಲ ಏಳ್ತದ.

ಉಡುಪಿ_ಅಡುಗೆಯವ

ಬಡಿಸುವ ಕಡೆಯಿಂದ ಒಂದೆರಡು ಮಾತು. ಮಾರಾಯ್ರೆ, ಛತ್ರದಲ್ಲಿ ಓಡುವ ಮಗುವಿಗೆ ದೊಡ್ಡ ಅಪಾಯ ಸಾರಿನ ಬಕೆಟ್. ಎರಡು ಪಂಕ್ತಿಯ ನಡುವೆ ಬಡಿಸುವವ ಬಗ್ಗಿಕೊಂಡೇ ಬರುವುದು, ಮಗು ಎದುರಿಗೆ ಬಂದರೆ ಅವನಿಗೆ ಕಾಣುವುದಿಲ್ಲ. ಪಾಕಶಾಲೆಯ ಹಿಂದಿನ ಬಾಗಿಲಲ್ಲಿ ಹಪ್ಪಳ ಕರಿಯುವ ಬಾಣಲೆ, ಹಪ್ಪಳ ಇಷ್ಟ ಇರುವ ಮಗು ಮೊದಲು ಅಲ್ಲಿಗೇ ಹೋಗುವುದು.

ಹಿಂದಿನ ದಿನವೇ ಅಡುಗೆಯವರಲ್ಲಿ ಹೇಳಿ. ನಾವೇನೂ ಬೇಸರ ಮಾಡುವುದಿಲ್ಲ, ಹೇಳದಿದ್ದರೇ ಕಷ್ಟ. ಮೊದಲ ಪಂಕ್ತಿಗೆ ಮುಂಚೆ, ಅನ್ನ ಇಳಿದ ಮೇಲೆ, ಅವನೊಬ್ಬನಿಗೆ ಎಲೆ ಹಾಕಿ ಕೊಡಬಹುದು, ಹತ್ತು ನಿಮಿಷದ ಕೆಲಸ. ಪಂಕ್ತಿಯಲ್ಲೇ ಕೂರಿಸುವುದಾದರೆ ಗೋಡೆ ಬದಿಯ ಕೊನೆಯ ಎಲೆ ಅವನಿಗೆ, ಅದರ ಪಕ್ಕದ್ದು ನಿಮಗೆ. ಬಡಿಸುವವರಿಗೆ "ಆ ಎಲೆಗೆ ಸಾರು ಬಿಸಿ ಬೇಡ, ಹಪ್ಪಳ ಮೊದಲೇ ಎರಡು" ಎಂದು ಹೇಳಿದರೆ ಸಾಕು.

ಮಂಡ್ಯ_ಹೊರಗಿನವ

ತಪ್ಪು ತಿಳ್ಕೋಬೇಡಿ, ಇಷ್ಟೆಲ್ಲಾ ಕಷ್ಟ ಪಟ್ಟು ಕರ್ಕೊಂಡು ಹೋಗೋದಾದ್ರೂ ಯಾಕೆ? ಮನೇಲಿ ಯಾರಾದ್ರೂ ಒಬ್ಬರು ಉಳ್ಕೊಂಡ್ರೆ ಮಗೂಗೂ ನೆಮ್ಮದಿ, ಮದುವೆ ಮನೆಯವರಿಗೂ ನೆಮ್ಮದಿ.

ಸ್ಪೆಷಲ್_ಎಜುಕೇಟರ್_ಮೈಸೂರು

ಮಂಡ್ಯದ ಸರ್, ಪಂಕ್ತಿಯಲ್ಲಿ ಕೂರೋದನ್ನ ಪಂಕ್ತಿಯಲ್ಲೇ ಕಲಿಯಬೇಕು. ಮನೆಯಲ್ಲಿ ಕಲಿತದ್ದನ್ನ ತಾನಾಗಿ ಬೇರೆ ಕಡೆ ಉಪಯೋಗಿಸೋದು ಈ ಮಕ್ಕಳಿಗೆ ತುಂಬಾ ಕಷ್ಟ. 8 ವರ್ಷಕ್ಕೆ ಮನೆಯಲ್ಲಿ ಬಿಟ್ಟುಹೋದ ಮಗುವನ್ನ 18ಕ್ಕೂ ಬಿಟ್ಟೇ ಹೋಗಬೇಕಾಗುತ್ತೆ, ಆಗ ಎತ್ತಿಕೊಂಡು ಹೊರಗೆ ಬರೋಕೂ ಆಗಲ್ಲ. ಆದರೆ ನಿಮ್ಮ ಮಾತಲ್ಲಿ ಒಂದು ಸತ್ಯ ಇದೆ: ಇಡೀ ದಿನ ಬೇಡ. 45 ನಿಮಿಷ ಚೆನ್ನಾಗಿ ಕಳೆದು, ಇನ್ನೂ ನಗ್ತಾ ಇರುವಾಗಲೇ ಹೊರಡಿ. ಅತ್ತ ಮೇಲೆ ಹೊರಟರೆ, ಅತ್ತರೆ ಮನೆಗೆ ಹೋಗಬಹುದು ಅಂತ ಕಲೀತಾನೆ. ವಾಹನ ಬೇರೆ ಇರಲಿ, ನೆಂಟರ ಕಾರಿಗೆ ಕಾಯೋ ಸ್ಥಿತಿ ಬೇಡ.

ಪೋಷಕರ_ಗುಂಪು_ಶಿವಮೊಗ್ಗ

ಓಟದ ವಿಷಯ ಯಾರೂ ಪೂರ್ತಿ ಹೇಳಿಲ್ಲ, ಜೀವಕ್ಕೆ ಸಂಬಂಧಪಟ್ಟದ್ದು ಅದೇ. 2012ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಮೆರಿಕದ ಸಮೀಕ್ಷೆಯಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ 49 ಪ್ರತಿಶತ ಮಕ್ಕಳು 4 ವರ್ಷದ ನಂತರ ಒಮ್ಮೆಯಾದರೂ ತಪ್ಪಿಸಿಕೊಂಡು ಹೋಗಲು ನೋಡಿದ್ದರು. ಅದಕ್ಕೆ ಇದನ್ನು ಮಗುವಿನ ತುಂಟತನ ಅಂತಲೂ ನೋಡಬೇಡಿ, ನಿಮ್ಮ ಬೇಜವಾಬ್ದಾರಿ ಅಂತಲೂ ನೋಡಬೇಡಿ. ಹೇಗೂ ಆಗುತ್ತದೆ ಅಂದುಕೊಂಡು ತಯಾರಿ ಮಾಡಿ.

ಮದುವೆ ಮನೆಯಲ್ಲಿ ಹತ್ತು ಜನ ನೆಂಟರು ಇರುತ್ತಾರೆ, "ನೋಡ್ಕೋತಿರು" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ, ಆಮೇಲೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಪಾಳಿ ಹಾಕಿ, ಅರ್ಧರ್ಧ ಗಂಟೆಯದು. ಬದಲಾಗುವಾಗ ಮಗುವಿನ ಕೈಯನ್ನು ಇನ್ನೊಬ್ಬರ ಕೈಗೆ ಕೊಟ್ಟು "ಈಗ ನಿನ್ನ ಪಾಳಿ" ಅಂತ ಬಾಯಿಬಿಟ್ಟು ಹೇಳಬೇಕು. ತಂಗಿಗೋ ಅಣ್ಣನಿಗೋ ಪಾಳಿ ಹಾಕಬೇಡಿ, ಅವರೂ ಮಕ್ಕಳೇ.

ಬೆಳಿಗ್ಗೆ ಹೊರಡುವ ಮುಂಚೆ ಅವತ್ತಿನ ಬಟ್ಟೆಯಲ್ಲೇ ಒಂದು ಫೋಟೋ. ಬಟ್ಟೆಯ ಒಳಮಗ್ಗುಲಲ್ಲಿ ಎರಡು ಫೋನ್ ನಂಬರ್ ಇರುವ ಪಟ್ಟಿ ಹೊಲಿಯಿರಿ. ಕೊರಳಿಗೆ ಹಾಕಿದ್ದನ್ನು ಕಿತ್ತು ಹಾಕುತ್ತಾರೆ. ಛತ್ರಕ್ಕೆ ಹೋದ ಕೂಡಲೇ ಒಂದು ಸುತ್ತು ಹಾಕಿ: ಬಾಗಿಲೆಷ್ಟು, ಬಾವಿ ಎಲ್ಲಿ, ಸಂಪಿನ ಮುಚ್ಚಳ ಇದೆಯಾ, ದೇವಸ್ಥಾನದ ಛತ್ರವಾದರೆ ಕಲ್ಯಾಣಿ ಯಾವ ಕಡೆ. ಈ ಮಕ್ಕಳಲ್ಲಿ ಬಹಳ ಜನಕ್ಕೆ ನೀರಿನ ಸೆಳೆತ. ಕಾಣಿಸದಿದ್ದರೆ ಮೊದಲು ನೀರು, ಆಮೇಲೆ ರಸ್ತೆ, ಕೊನೆಗೆ ಕೋಣೆಗಳು. ಎಲ್ಲರೂ ಮಾಡುವುದು ಇದರ ಉಲ್ಟಾ. ಹೆಸರು ಹಿಡಿದು ಕೂಗಿದರೆ ಓಗೊಡದೆ ಇರಬಹುದು, ಅವನ ಇಷ್ಟದ ಹಾಡನ್ನು ಫೋನಿನಲ್ಲಿ ಜೋರಾಗಿ ಹಾಕಿಕೊಂಡು ಹುಡುಕಿ. ಐದು ನಿಮಿಷದಲ್ಲಿ ಸಿಗದಿದ್ದರೆ 112, ಮಕ್ಕಳ ಸಹಾಯವಾಣಿ 1098. ಮದುವೆ ಮನೆಯಲ್ಲಿ ಗಲಾಟೆ ಆಗುತ್ತದೆ ಅಂತ ತಡ ಮಾಡಬೇಡಿ.

ತುಮಕೂರು_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಬರೆದಿಟ್ಟುಕೊಂಡೆ. ಇನ್ನೊಂದು. ಜನರಿಗೆ ಏನಂತ ಹೇಳಬೇಕು? ಪ್ರತಿಯೊಬ್ಬರಿಗೂ "ಆಟಿಸಂ ಇದೆ" ಅಂತ ಹೇಳ್ತಾ ಹೋಗೋದಾ? ಕ್ಷಮೆ ಕೇಳಿದರೆ ಮಗ ತಪ್ಪು ಮಾಡಿದ ಅಂತ ಒಪ್ಪಿಕೊಂಡ ಹಾಗಾಗಲ್ವಾ?

ಪೋಷಕರ_ಗುಂಪು_ಶಿವಮೊಗ್ಗ

ಕಿರುಚಿದ್ದಕ್ಕೆ, ಕೈ ಆಡಿಸಿದ್ದಕ್ಕೆ, ನೆಲದ ಮೇಲೆ ಕೂತದ್ದಕ್ಕೆ ಕ್ಷಮೆ ಬೇಡ. ಯಾರಿಗೂ ನಷ್ಟವಾಗಿಲ್ಲ. "ಸದ್ದಿಗೆ ಹೀಗಾಗುತ್ತೆ, ಸ್ವಲ್ಪ ಜಾಗ ಬಿಡಿ" ಅಂದರೆ ಸಾಕು. ತಳ್ಳಿದ್ದಕ್ಕೆ, ಎಲೆಗೆ ಕೈ ಹಾಕಿದ್ದಕ್ಕೆ ಕೇಳಬೇಕು, ಅದೂ ನೀವು, ನಿಮ್ಮ ಹೆಸರಿನಲ್ಲಿ. ಮೊದಲು ಪೆಟ್ಟಾದವರನ್ನು ನೋಡಿ, ಆಮೇಲೆ ವಿವರಣೆ. "ಅಜ್ಜಿ, ಪೆಟ್ಟಾಯ್ತಾ? ಕ್ಷಮಿಸಿ, ನಾನು ದೂರ ಕೂರಿಸಬೇಕಿತ್ತು. ಅವನಿಗೆ ಆಟಿಸಂ ಇದೆ, ಸದ್ದು ತಡೆಯಲ್ಲ." ಇದನ್ನೇ ತಿರುಗಿಸಿ "ಆಟಿಸಂ ಇದೆ" ಅಂತ ಶುರು ಮಾಡಿದರೆ, ಬಿದ್ದ ಅಜ್ಜಿಗೆ ಅದು ಬಾಯಿ ಮುಚ್ಚಿಸುವ ಮಾತಿನ ಹಾಗೆ ಕೇಳಿಸುತ್ತದೆ.

ಮಗನಿಂದ ಬಲವಂತವಾಗಿ "ಸಾರಿ" ಹೇಳಿಸಬೇಡಿ. ಬಹಳ ಮಕ್ಕಳಿಗೆ ಅದು ತಳ್ಳಿದ ಮೇಲೆ ಹೇಳುವ ಮಂತ್ರವಾಗಿಬಿಡುತ್ತದೆ: ತಳ್ಳು, ಸಾರಿ, ತಳ್ಳು, ಸಾರಿ. ಬದಲಿಗೆ ಸರಿಪಡಿಸುವ ಒಂದು ಕೆಲಸ ಕೊಡಿ. ಶಾಂತವಾದ ಮೇಲೆ, ಅದೇ ದಿನ, ಅವನ ಕೈಯಿಂದಲೇ ಹೊಸ ಹಪ್ಪಳ ಆ ಎಲೆಗೆ. ಚೆಲ್ಲಿದ ನೀರು ಒರೆಸಲು ಬಟ್ಟೆ ಅವನ ಕೈಗೆ.

ಯಾರೂ ಕೇಳದ ಒಂದು ವಿಷಯವನ್ನೂ ಸೇರಿಸುತ್ತೇನೆ. 8 ವರ್ಷಕ್ಕೆ ಅಪರಿಚಿತರನ್ನು ತಬ್ಬಿಕೊಂಡರೆ, ಸೆರಗು ಹಿಡಿದರೆ, ಜಡೆಯ ಮಲ್ಲಿಗೆ ಮುಟ್ಟಿದರೆ ಎಲ್ಲರೂ ನಗುತ್ತಾರೆ. 14ಕ್ಕೆ ಅದೇ ಕೈಗೆ ಪೊಲೀಸ್ ಕರೆಯುತ್ತಾರೆ. ನಿಯಮ ಬದಲಾದದ್ದು ಹುಡುಗನಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಈಗಿನಿಂದಲೇ ಒಂದೇ ನಿಯಮ: ಹೊರಗಿನವರಿಗೆ ಒಂದು ತೋಳಿನ ದೂರದಿಂದ ನಮಸ್ಕಾರ. ಮುದ್ದು ಮಾಡಲು ಬರುವ ಅತ್ತೆಯಂದಿರಿಗೂ ಅದೇ ನಿಯಮ ಹೇಳಿ, ಅವರು ಮುರಿದರೆ ಅವನಿಗೂ ಮುರಿದ ಹಾಗೆ.

ವಕೀಲ_ಧಾರವಾಡ

ಕಾನೂನಿನ ಪ್ರಶ್ನೆ ಉಳಿದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 20ರ ಪ್ರಕಾರ 7 ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. 7ರಿಂದ 12ರೊಳಗೆ, ಮಾಡಿದ್ದರ ಸ್ವರೂಪ, ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅಪರಾಧವಲ್ಲ, ಅದು ಕಲಂ 21. ನಿಮ್ಮ ಮಗ ಬರುವುದು ಇಲ್ಲಿ.

ನಷ್ಟ ಪರಿಹಾರದ ಮಾತು ಬೇರೆ. ಮಗು ಮಾಡಿತು ಎಂಬ ಒಂದೇ ಕಾರಣಕ್ಕೆ ತಂದೆತಾಯಿ ಹೊಣೆಯಾಗುವುದಿಲ್ಲ. ತಮ್ಮದೇ ಅಜಾಗರೂಕತೆಗೆ ಹೊಣೆಯಾಗುತ್ತಾರೆ. ಗಟ್ಟಿಮೇಳಕ್ಕೆ ತಳ್ಳುತ್ತಾನೆ ಎಂದು ಗೊತ್ತಿದ್ದೂ ಮುಂದಿನ ಸಾಲಿನಲ್ಲಿ ವೃದ್ಧರ ಪಕ್ಕ ಒಬ್ಬನನ್ನೇ ಕೂರಿಸಿ ಹೋದರೆ ಅದು ಅಜಾಗರೂಕತೆ. ಇಲ್ಲಿ ಹೇಳಿದ ಪಾಳಿ, ದೂರದ ಜಾಗ ಎಲ್ಲ ಮಾಡಿದ್ದೂ ಆದರೆ ಹಾಗೆನ್ನುವುದು ಕಷ್ಟ. ಅಂಗಡಿಯಲ್ಲಿ ಸಾಮಾನು ಒಡೆದರೆ ವಾದ ಬೇಡ, ಬಿಲ್ ಕೇಳಿ ದುಡ್ಡು ಕೊಟ್ಟುಬಿಡಿ.

ನಿಮ್ಮ ಕಡೆಯ ಹಕ್ಕೂ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಸೇರಿದೆ. ಸಾರ್ವಜನಿಕರ ಎದುರು ಅವಮಾನಿಸುವ ಉದ್ದೇಶದಿಂದ ಬೈದರೆ, ಬೆದರಿಸಿದರೆ ಕಲಂ 92ರಡಿ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ. "ಉದ್ದೇಶದಿಂದ" ಎಂಬ ಪದ ಗಮನಿಸಿ. "ಮಗೂನ ಹಿಡ್ಕೊಳ್ರೀ" ಎಂದು ರೇಗಿದ ಛತ್ರದ ಮ್ಯಾನೇಜರಿಗೆ ಈ ಕಲಂ ತೋರಿಸಿದರೆ ನಡೆಯುವುದಿಲ್ಲ, ಇದ್ದ ಸಹಾಯವೂ ತಪ್ಪುತ್ತದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿದ್ದರೆ ಅದರ ಒಂದು ಪ್ರತಿ ಫೋನಿನಲ್ಲಿರಲಿ, ಪೊಲೀಸರ ಹತ್ತಿರ ಮಾತಾಡುವ ಸಂದರ್ಭ ಬಂದರೆ ಅರ್ಧ ಮಾತು ಉಳಿಯುತ್ತದೆ.

ತುಮಕೂರು_ಅಮ್ಮ

ಅಡುಗೆಯ ಅಣ್ಣನಿಗೆ ಒಂದು ಪ್ರಶ್ನೆ. ಈ ಛತ್ರದಲ್ಲಿ ಗೋಡೆ ಬದಿಯ ಕೊನೆಯ ಎಲೆ ಕೈ ತೊಳೆಯುವ ನಲ್ಲಿಗಳ ಪಕ್ಕ ಬರುತ್ತೆ.

ಉಡುಪಿ_ಅಡುಗೆಯವ

ಹಾಗಾದರೆ ಅದು ಬೇಡವೇ ಬೇಡ, ನೀರು ಕಂಡರೆ ಊಟ ಬಿಟ್ಟು ಏಳುತ್ತಾನೆ. ಆಚೆ ತುದಿಯ ಎಲೆ ಹಿಡಿಯಿರಿ, ಅದು ಬಡಿಸುವವರು ಒಳಗೆ ಬರುವ ಕಡೆ ಅಲ್ಲ ಎಂದು ಮಾತ್ರ ನೋಡಿಕೊಳ್ಳಿ. ಎರಡು ತುದಿಯೂ ಆಗುವುದಿಲ್ಲವಾದರೆ ಮೊದಲು ಹೇಳಿದ ಹಾಗೆ ಪಂಕ್ತಿಗೆ ಮುಂಚೆ ಒಂದೇ ಎಲೆ, ಜೊತೆಗೆ ನೀವೂ ಕುಳಿತುಕೊಳ್ಳಿ.